ಬಾದಾಮಿ ಬಾಗಲಕೋಟೆ ಸೀಮೆಯ ಮನೆಗಳ ಮುಂಭಾಗ

ಚಾಲುಕ್ಯರ ನೆಲೆವೀಡಾದ ಈ ಸೀಮೆಯ ದೇವಾಲಯಗಳನ್ನು ಕುರಿತು ವಿದ್ವಾಂಸರು ಬಹು ಪರಿಶ್ರಮದಿಂದ ಬರೆದಿರುವರು. ಆದರೆ ಆ ದೇವಾಲಯಗಳ ನೆರಳಿನಲ್ಲಿಯೇ ನಿಂತಿರುವ ಮನೆಗಳ ವಿಷಯವಾಗಿ ಎರಡು ಮಾತುಗಳನ್ನು ಆಡಿದವರು ವಿರಳ. ಮನೆಯ ಮುಂಭಾಗವನ್ನು ಚೆಂದಗೊಳಿಸುವದು ಕೇವಲ ಗೃಹಸ್ಥನ ಹವ್ಯಾಸವೆಂದು ಎಣಿಸಿ ಇತಿಹಾಸಾಭ್ಯಾಸಕರು ಅದನ್ನು ಬದಿಗಿರಿಸಿದಂತೆ ತೋರುತ್ತದೆ. ವಿಚಾರಿಸಿ ನೋಡಿದರೆ, ಗುಡಿಯ ಮುಖಮಂಟಪವೂ ಮನೆಯ ಹೊರಕಟ್ಟೆಯೂ ಒಂದೇ ಕಸುಬಿನ ಎರಡು ರೂಪಗಳೆಂಬುದು ಗೊತ್ತಾಗುವದು. ಇದನ್ನು ತೋರಿಸಿ, ಆ ಎರಡರಲ್ಲಿ ಒಂದು ಮಾತ್ರ ಇಂದು ರಕ್ಷಣೆ ಪಡೆದಿರುವದೆಂಬ ಸಂಗತಿಯತ್ತ ವಾಚಕರ ಲಕ್ಷ್ಯವನ್ನು ಸೆಳೆಯುವದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಮನೆಯ ಸ್ವರೂಪವನ್ನು ನೋಡೋಣ. ಮಳೆ ಕಡಿಮೆ, ಬಿಸಿಲು ಪ್ರಖರ. ಆದುದರಿಂದ ಇಲ್ಲಿಯ ಹಳೆಯ ಮನೆಗಳಿಗೆ ದಪ್ಪನಾದ ಕಲ್ಲುಮಣ್ಣಿನ ಗೋಡೆ, ಅದರ ಮೇಲೆ ತೊಲೆ ಜಂತಿಗಳನ್ನು ಹಾಯಿಸಿ ಮಣ್ಣು ಹೊದಿಸಿದ ಸಮತಟ್ಟಾದ ಮಾಳಿಗೆ. ಬೀದಿಯ ಕಡೆಗೆ ಕಿಟಕಿಗಳು ಅಲ್ಪ. ಹೀಗಾಗಿ ಮುಂಭಾಗದ ಅಲಂಕಾರವೆಲ್ಲ ಎರಡೇ ಸ್ಥಾನಗಳಲ್ಲಿ ನೆಲೆಸಿರುವದು: ತಲೆಬಾಗಿಲು ಮತ್ತು ಅದರ ಇಕ್ಕೆಲದ ಕಟ್ಟೆ. ಬಾಗಿಲವಾಡದ ಮೇಲ್ಪಟ್ಟಿಯಲ್ಲಿ ಗಣಪತಿಯನ್ನಾಗಲಿ ಲಿಂಗವನ್ನಾಗಲಿ ಕಮಲವನ್ನಾಗಲಿ ಕೆತ್ತುವರು. ನಿಲುವುಗಳಲ್ಲಿ ಬಳ್ಳಿಗಳನ್ನು ಬಿಡಿಸುವರು. ಗೋಡೆಯಲ್ಲಿ ದೀಪದ ಗೂಡುಗಳನ್ನು ಇರಿಸುವರು. ಹಬ್ಬ ಬಂದಾಗ ಗೋಡೆಗೆ ಸುಣ್ಣ, ಅಂಚಿಗೆ ಕೆಮ್ಮಣ್ಣು, ಅಂಗಳಕ್ಕೆ ಸಾರಣೆ, ಹೊಸ್ತಿಲಿಗೆ ರಂಗೋಲಿ, ಬಾಗಿಲಿಗೆ ತೋರಣ. ಕಟ್ಟೆಯಾದರೋ ಮನೆಯವರಿಗಿಂತಲೂ ಹೆಚ್ಚಾಗಿ ದಾರಿಹೋಕನಿಗೆ ಸಲ್ಲತಕ್ಕುದು. ಮನೆಯು ತನ್ನ ಸ್ಥಳದಲ್ಲಿ ಒಂದು ಪಾಲನ್ನು ಬೀದಿಗೆ ಬಿಟ್ಟುಕೊಟ್ಟಿರುವದೆಂದು ಇದರ ಅರ್ಥ.

ಈಗ ಹುನಗುಂದ ಸೀಮೆಯ ಐಹೊಳೆಗೆ ಬರೋಣ. ಇಲ್ಲಿಯ ಲಾಡಖಾನ ಗುಡಿಯನ್ನು ಹೆನ್ರಿ ಕಸಿನ್ಸ್ ಪಂಡಿತರು 1926ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಐದನೆಯ ಶತಮಾನದ್ದೆಂದು ಎಣಿಸಿದರು. ಅನಂತರದ ಸಂಶೋಧಕರು ಅದನ್ನು ಏಳನೆಯ ಶತಮಾನದ ಕೊನೆ ಅಥವಾ ಎಂಟನೆಯದರ ಆರಂಭಕ್ಕೆ ಇಳಿಸಿರುವರು. ಕಾಲವೇನೇ ಇರಲಿ, ಅದರ ರಚನೆ ಮಾತ್ರ ಗಮನಾರ್ಹವಾದುದು. ಇಳಿಜಾರಾದ ಮಾಡಿನ ಚಪ್ಪಡಿಗಳ ಸಂದುಗಳನ್ನು ಮುಚ್ಚಲು ಮರದ ದಿಮ್ಮಿಗಳಂತಿರುವ ಉದ್ದನೆಯ ಕಲ್ಲುಪಟ್ಟಿಗಳನ್ನು ಹಾಸಿರುವರು. ಕಲ್ಲಿನ ಕಟ್ಟಡಕ್ಕೆ ಮರದ ರೂಪವು ಸಹಜವಲ್ಲ. ಮರದ ಮನೆಗಳನ್ನು ಕಟ್ಟಿ ಪಳಗಿದ ಕೈಗಳೇ ಇಲ್ಲಿ ಕಲ್ಲನ್ನು ಹಿಡಿದಿರುವವೆಂದು ಇದರಿಂದ ಊಹಿಸಬಹುದು. ಮುಖಮಂಟಪದ ಸುತ್ತಲೂ ಒರಗುಳ್ಳ ಕಲ್ಲಾಸನಗಳಿವೆ; ಇವನ್ನು ವಾಸ್ತುಜ್ಞರು ಕಕ್ಷಾಸನಗಳೆನ್ನುವರು. ಗರ್ಭಗೃಹದ ದೇವರನ್ನು ನೋಡುವ ಮೊದಲು ಕುಳಿತು ದಣಿವಾರಿಸಿಕೊಳ್ಳಲು ಇಲ್ಲಿ ಎಡೆಯುಂಟು. ಇದು ಮನೆಯ ಕಟ್ಟೆಯಲ್ಲದೆ ಮತ್ತೇನು? ಈ ಕಟ್ಟಡವು ಮೂಲತಃ ಊರ ಸಭಾಮಂಟಪವಾಗಿರಬಹುದೆಂದು ಕೆಲವರು ತರ್ಕಿಸಿರುವರು. ಲಾಡಖಾನನೆಂಬವನು ಕೆಲಕಾಲ ಇದರಲ್ಲಿಯೇ ವಾಸವಾಗಿದ್ದುದರಿಂದ ಗುಡಿಗೆ ಈ ಹೆಸರು ಬಂದಿತೆಂಬುದು ಪ್ರಸಿದ್ಧ. ಮನೆಯಿಂದ ರೂಪವನ್ನು ಪಡೆದ ಗುಡಿಯು ಪುನಃ ಮನೆಯಾದ ಈ ವೃತ್ತಾಂತವು ನಮ್ಮ ವಿಚಾರಕ್ಕೆ ಅನುಕೂಲವಾಗಿಯೇ ಇದೆ.

ಬಾಗಿಲಿನ ವಿಷಯದಲ್ಲಿಯೂ ಹೀಗೆಯೇ. ಚಾಲುಕ್ಯರ ದ್ವಾರಗಳಲ್ಲಿ ಒಂದರೊಳಗೊಂದು ಸೇರಿದ ಶಾಖೆಗಳು, ಲಲಾಟದಲ್ಲಿ ಸರ್ಪಗಳ ಬಾಲಗಳನ್ನು ಹಿಡಿದ ಗರುಡ, ಬುಡದಲ್ಲಿ ನದೀದೇವತೆಗಳು ಕಂಡುಬರುವವು. ಬಾದಾಮಿಯ ಮೂರನೆಯ ಗುಹೆಯಲ್ಲಿ ಮಂಗಳೇಶನ ಶಕ 500ರ, ಎಂದರೆ ಕ್ರಿ. ಶ. 578ರ ಶಾಸನವಿದೆ, ಅದರ ಮುಂಭಾಗದ ಅಧಿಷ್ಠಾನದಲ್ಲಿ ಗಣಗಳ ಸಾಲೂ ಕಂಬಗಳ ತಲೆಯಲ್ಲಿ ಬೋದಿಗೆಯ ಸುಂದರ ಪ್ರತಿಮೆಗಳೂ ಇವೆ. ಗೃಹಸ್ಥನ ಬಾಗಿಲಲ್ಲಿ ಇಷ್ಟೆಲ್ಲ ವೈಭವವಿಲ್ಲ. ಆದರೆ ಲಲಾಟದಲ್ಲಿ ಮಂಗಳಚಿಹ್ನೆ, ನಿಲುವಿನಲ್ಲಿ ಲತೆ, ಅಡಿಯಲ್ಲಿ ಪೂಜ್ಯವಾದ ಹೊಸ್ತಿಲು ಎಂಬ ಕ್ರಮವು ಅದೇ ಆಗಿದೆ. ಇಂದಿನ ಮನೆಗಳು ಚಾಲುಕ್ಯರ ಕಾಲದಿಂದ ಅವಿಚ್ಛಿನ್ನವಾಗಿ ಬಂದವೆಂದು ಹೇಳುವದು ಸಾಹಸವಾದೀತು. ಮರ ಮಣ್ಣುಗಳ ಕಟ್ಟಡಕ್ಕೆ ಅಷ್ಟು ಆಯುಷ್ಯವಿಲ್ಲ. ಒಂದೇ ಹವೆ, ಒಂದೇ ನೆಲ, ತಂದೆಯಿಂದ ಮಗನಿಗೆ ಇಳಿದುಬಂದ ಒಂದೇ ಕಸುಬು, ಇವು ಈ ಸಾಮ್ಯಕ್ಕೆ ಕಾರಣಗಳೆಂದರೆ ಸಾಕು.

ನೆಲದ ಮಾತು ಬಂದುದರಿಂದ ಒಂದು ವಿಷಯವನ್ನು ಹೇಳುವದು ಯೋಗ್ಯ. ಈ ಸೀಮೆಯ ಮುಂಭಾಗಗಳ ಬಣ್ಣವನ್ನು ನಿರ್ಣಯಿಸಿದುದು ಭೂಗರ್ಭವೇ. ಬಾದಾಮಿಯಲ್ಲಿ ಉಳಿಗೆ ಒಲಿಯುವ ಕೆಂಪು ಮರಳುಗಲ್ಲು. ಬಾಗಲಕೋಟೆಯ ಸುತ್ತಲೂ ಸುಣ್ಣಗಲ್ಲು. ಇಳಕಲ್ಲಿನಲ್ಲಿ ಗಡುಸಾದ ಕೆಂಪು ಬೆಣಚುಕಲ್ಲು. ಸೀರೆಯಿಂದ ಹೆಸರಾದ ಇಳಕಲ್ಲು ಈ ಕಲ್ಲಿನಿಂದಲೂ ದೇಶಾಂತರಗಳಲ್ಲಿ ಹೆಸರಾಗಿದೆ. ಹತ್ತಿರದ ವಸ್ತುವಿನಿಂದ ಕಟ್ಟಿದುದರಿಂದಲೇ ಒಂದೊಂದು ಊರಿನ ಬೀದಿಗೆ ಒಂದೊಂದು ಚರ್ಯೆ ಬಂದಿತು. ಯಾರೂ ಅದನ್ನು ಯೋಜಿಸಲಿಲ್ಲ.

ಈ ಚರ್ಯೆಯು ಈಗ ಅಳಿಯುತ್ತಲಿದೆ. 1964ರಲ್ಲಿ ಲಾಲ ಬಹಾದ್ದೂರ ಶಾಸ್ತ್ರಿಗಳು ಆಲಮಟ್ಟಿ ಆಣೆಕಟ್ಟಿಗೆ ಅಡಿಗಲ್ಲನ್ನಿಟ್ಟರು. 2000ದಲ್ಲಿ ಸರ್ವೋಚ್ಚ ನ್ಯಾಯಾಲಯದ ತೀರ್ಪಿನಿಂದ ಅದರ ಜಲಮಟ್ಟವು 519.6 ಮೀಟರೆಂದು ನಿಂತಿತು. 2010ರಲ್ಲಿ ಎರಡನೆಯ ಕೃಷ್ಣಾ ನ್ಯಾಯಾಧಿಕರಣವು ಅದನ್ನು 524.256 ಮೀಟರಿಗೆ ಏರಿಸಲು ಸಮ್ಮತಿಸಿತು. ಘಟಪ್ರಭೆಯ ದಂಡೆಯ ಹಳೆಯ ಬಾಗಲಕೋಟೆಯ ಬಹುಭಾಗ ಹಿನ್ನೀರಿನ ಪಾಲಾಯಿತು. ಜನರು ನವನಗರಕ್ಕೆ ತೆರಳಿದರು. ಹೋಳಿಯ ಕಾಲಕ್ಕೆ ಬಂಡಿಗಳಿಂದ ಬಣ್ಣ ಎರಚಿಸಿಕೊಳ್ಳುತ್ತಿದ್ದ ಹಳೆಯ ಕೇರಿಗಳಲ್ಲಿ ಎಷ್ಟೋ ಮಾಯವಾದವು. ಬಯಲುಸೀಮೆಯ ಹೊಲಗಳಿಗೆ ನೀರು ಬೇಕಾಗಿದ್ದುದು ನಿಜ. ಅದನ್ನು ಆಕ್ಷೇಪಿಸುವದು ನಮ್ಮ ಉದ್ದೇಶವಲ್ಲ. 2009ರ ಮಹಾಪೂರದಲ್ಲಿ ಮಲಪ್ರಭೆಯ ದಂಡೆಯ ಹಳ್ಳಿಗಳೂ ಬಹಳ ಹಾನಿಗೊಳಗಾದವು. ಹೊಸದಾಗಿ ಎದ್ದ ಮನೆಗಳಲ್ಲಿ ಗೋಡೆಯಿದೆ, ಕಬ್ಬಿಣದ ಬಾಗಿಲಿದೆ, ಮೇಲೆ ಹೊಳೆಯುವ ಬಣ್ಣವಿದೆ. ದಾರಿಹೋಕನಿಗೆ ಕಟ್ಟೆ ಮಾತ್ರ ಅಪೂರ್ವ.

ಕಾನೂನಿನ ದೃಷ್ಟಿಯೂ ವಿಚಾರಾರ್ಹವಾಗಿದೆ. ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ಮಾಡಿದ ತಿದ್ದುಪಡಿಯಂತೆ ರಕ್ಷಿತ ಸ್ಮಾರಕದಿಂದ 100 ಮೀಟರಿನೊಳಗೆ ಹೊಸ ಕಟ್ಟಡವು ನಿಷಿದ್ಧ. ಅದರಾಚೆ 200 ಮೀಟರು ನಿಯಂತ್ರಿತ ಪ್ರದೇಶ. ಬಾದಾಮಿ ಐಹೊಳೆಗಳಲ್ಲಿ ಗುಡಿಗಳೂ ಮನೆಗಳೂ ಹೆಣೆದುಕೊಂಡಿರುವದರಿಂದ, ಸೋರುವ ಮಾಳಿಗೆಯನ್ನು ದುರಸ್ತಿ ಮಾಡುವದಕ್ಕೂ ಗೃಹಸ್ಥನು ಅನುಮತಿಯನ್ನು ಪಡೆಯಬೇಕು. ಗುಡಿಯ ಹಿತಕ್ಕೆ ಈ ನಿಯಮವು ಅವಶ್ಯವೇ. ಆದರೆ ಅದೇ ನಿಯಮವು ಮನೆಯನ್ನು ಗುಡಿಗೆ ಒದಗಿದ ಅಡ್ಡಿಯೆಂದು ಕಾಣುವದೇ ಹೊರತು ಗುಡಿಯ ಬಂಧುವೆಂದು ಕಾಣುವದಿಲ್ಲ. ಕಕ್ಷಾಸನಕ್ಕೆ ಕಾವಲುಂಟು, ಕಟ್ಟೆಗೆ ಇಲ್ಲ.

ಎಲ್ಲ ಮನೆಗಳನ್ನೂ ಉಳಿಸಿಕೊಳ್ಳುವದು ಆಗದ ಮಾತು. ಅವುಗಳಲ್ಲಿ ವಾಸಿಸುವವರ ಅನುಕೂಲವೇ ಮುಖ್ಯ. ಆದರೆ ಅಳತೆ ಮಾಡಿ ಬರೆದಿಡುವದಕ್ಕೆ ಯಾರ ಅಡ್ಡಿಯೂ ಇಲ್ಲ. ಕಟ್ಟೆಯ ಎತ್ತರ ಅಗಲಗಳು, ಬಾಗಿಲವಾಡದ ಪಟ್ಟಿಗಳ ಸಂಖ್ಯೆ, ಲಲಾಟದ ಚಿಹ್ನೆ, ಕಂಬ ಬೋದಿಗೆಗಳ ಆಕಾರ, ಕಲ್ಲಿನ ಜಾತಿ, ಸುಣ್ಣದ ಪದರುಗಳು, ಇಷ್ಟನ್ನು ಊರೂರಿಗೆ ಒಂದೊಂದು ಬೀದಿಯಲ್ಲಿಯಾದರೂ ತರುಣ ಅಭ್ಯಾಸಕರು ಸಂಗ್ರಹಿಸಿದರೆ ದೊಡ್ಡ ಉಪಕಾರವಾಗುವದು. ಶಾಸನಗಳ ಪ್ರತಿಯನ್ನು ತೆಗೆಯುವಾಗ ನಾವು ತೋರುವ ತವಕವನ್ನು ಈ ಕೆಲಸದಲ್ಲಿಯೂ ತೋರುವದು ಅಗತ್ಯ. ಶಾಸನದ ಕಲ್ಲು ಇನ್ನೂ ನೂರು ವರ್ಷ ಕಾದೀತು, ಮಣ್ಣಿನ ಗೋಡೆ ಕಾಯಲಾರದು.