ಸ್ವೀಡಿಷ್ ಒಬೀಸ್ ಸಬ್ಜೆಕ್ಟ್ಸ್ ಅಧ್ಯಯನ

ತೀವ್ರ ಬೊಜ್ಜಿಗೆ ಮಾಡುವ ತೂಕ ಇಳಿಕೆ ಶಸ್ತ್ರಚಿಕಿತ್ಸೆಯ ದೀರ್ಘಕಾಲಿಕ ಪರಿಣಾಮಗಳನ್ನು ಅಳೆಯಲು ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ವೈದ್ಯಕೀಯ ಅಧ್ಯಯನ, ಸಂಕ್ಷೇಪವಾಗಿ ಎಸ್‌ಒಎಸ್. ರೂವಾರಿ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದ ಲಾರ್ಸ್ ಶೋಸ್ಟ್ರೋಮ್. 2001ರ ವರೆಗೆ 37ರಿಂದ 60 ವಯಸ್ಸಿನ 4,047 ಮಂದಿ ಸೇರಿದರು. ಅವರಲ್ಲಿ 2,010 ಮಂದಿ ಶಸ್ತ್ರಚಿಕಿತ್ಸೆಯನ್ನು ತಾವೇ ಆಯ್ದುಕೊಂಡವರು. ಉಳಿದವರು ವಯಸ್ಸು, ತೂಕ ಮುಂತಾದವುಗಳಲ್ಲಿ ಅವರಿಗೆ ಹೊಂದುವಂತೆ ಆರಿಸಲಾದ, ಸಾಮಾನ್ಯ ಚಿಕಿತ್ಸೆ ಪಡೆದವರು. ಅಂದು ಈ ಶಸ್ತ್ರಚಿಕಿತ್ಸೆಯಲ್ಲಿ ಸಾವಿನ ಅಪಾಯ ಹೆಚ್ಚಿದ್ದುದರಿಂದ ರೋಗಿಗಳನ್ನು ಯಾದೃಚ್ಛಿಕವಾಗಿ ಹಂಚಲು ಅನುಮತಿ ಸಿಗಲಿಲ್ಲ. ಅಧ್ಯಯನದ ದೊಡ್ಡ ಮಿತಿ ಇದೇ.

ಹೆಚ್ಚಿನವರಿಗೆ ಮಾಡಿದ್ದು ಜಠರದ ಮೇಲ್ಭಾಗಕ್ಕೆ ಸ್ಟೇಪಲ್ ಹಾಕಿ ಪುಟ್ಟ ಚೀಲವಾಗಿಸಿ, ಅದರ ಹೊರದಾರಿಗೆ ಪಟ್ಟಿ ಬಿಗಿಯುವ ಕ್ರಮ. ಕೆಲವೇ ತುತ್ತಿಗೆ ಹೊಟ್ಟೆ ತುಂಬುತ್ತದೆ. ಈ ವಿಧಾನ ಈಗ ಬಹುಮಟ್ಟಿಗೆ ಕೈಬಿಟ್ಟುಹೋಗಿದೆ.

ಶಸ್ತ್ರಚಿಕಿತ್ಸೆಯಾದವರ ತೂಕ 2 ವರ್ಷಕ್ಕೆ ಸರಾಸರಿ ಶೇ 23ರಷ್ಟು ಇಳಿಯಿತು. ಸ್ವಲ್ಪ ಮರಳಿ ಬಂದು, 20 ವರ್ಷಗಳ ನಂತರವೂ ಮೊದಲಿಗಿಂತ ಶೇ 18ರಷ್ಟು ಕಡಿಮೆಯಿತ್ತು. ಮಧುಮೇಹಿಗಳಲ್ಲಿ ಶೇ 72 ಮಂದಿ 2ನೇ ವರ್ಷದಲ್ಲಿ ರೋಗಮುಕ್ತರಾಗಿದ್ದರು. 10ನೇ ವರ್ಷಕ್ಕೆ ಆ ಪ್ರಮಾಣ ಶೇ 36ಕ್ಕೆ ಕುಸಿಯಿತು. ಮಧುಮೇಹ ಮರುಕಳಿಸಬಲ್ಲದು ಎಂಬ ಈ ಅಂಶ, ತೂಕದ ಅಂಕಿಗಿಂತಲೂ ಮಹತ್ವದ್ದು. ಹೃದಯಾಘಾತ, ಪಾರ್ಶ್ವವಾಯು ಹಾಗೂ ಮಹಿಳೆಯರಲ್ಲಿ ಕ್ಯಾನ್ಸರ್ ಕಡಿಮೆಯಾದವು.

2020ರ ವರದಿಯಂತೆ ಶಸ್ತ್ರಚಿಕಿತ್ಸೆ ಪಡೆದವರ ಆಯುಸ್ಸು ಪಡೆಯದವರಿಗಿಂತ ಸುಮಾರು 3 ವರ್ಷ ಹೆಚ್ಚು, ಆದರೆ ಸಾಮಾನ್ಯ ಜನರಿಗಿಂತ ಸುಮಾರು ಐದೂವರೆ ವರ್ಷ ಕಡಿಮೆ. ಮದ್ಯವ್ಯಸನ ಮತ್ತು ಆತ್ಮಹತ್ಯೆಯ ಅಪಾಯ ಅವರಲ್ಲಿ ಹೆಚ್ಚೆಂದು ಕಂಡುಬಂದಿದೆ.