ಉತ್ತರೆಯ ಹಾಡಿಗೆ ಒನ್ಸ್ ಮೋರ್

ಕ್ಯೂಬಾದ ಸ್ಯಾಂಟಿಯಾಗೊ ಊರಿನ ಪೆಪೆ ಸ್ಯಾಂಚೆಸ್ ಕಸುಬಿನಲ್ಲಿ ದರ್ಜಿ. 1883ರ ಸುಮಾರಿಗೆ ಅವನು ಕಟ್ಟಿದ ‘ತ್ರಿಸ್ತೇಸಾಸ್’ ಎಂಬ ಸ್ಪ್ಯಾನಿಷ್ ಹಾಡನ್ನು ಬೊಲೆರೊ ಎಂಬ ಹಾಡಿನ ಪ್ರಕಾರದ ಮೊದಲ ರಚನೆ ಎನ್ನುತ್ತಾರೆ. ಹೆಸರಿನ ಅರ್ಥವೇ ದುಃಖಗಳು. ಕೈತಪ್ಪಿದ ಪ್ರೀತಿಯ ಅಳಲೇ ಬೊಲೆರೊದ ಬಂಡವಾಳ. ಹೆಚ್ಚುಕಡಿಮೆ ಅದೇ ಹೊತ್ತಿಗೆ, 1884ರಲ್ಲಿ, ತಿಪಟೂರಿನಿಂದ ತುಮಕೂರಿಗೆ ಹೋಗುವ ದಾರಿಯ ಗುಬ್ಬಿಯಲ್ಲಿ ಚಂದಣ್ಣನವರೂ ಅವರ ಗೆಳೆಯರೂ ನಾಟಕ ಕಂಪನಿ ಶುರು ಮಾಡಿದರು. ದರ್ಜಿಗೂ ಗುಬ್ಬಿಗೂ ಎತ್ತಣ ಸಂಬಂಧ? ಅಗಲಿಕೆಯ ಹಾಡು ಮಾತ್ರ ಎರಡೂ ಕಡೆ ಚೆನ್ನಾಗಿ ಬಿಕರಿಯಾಯಿತು.

ಅದಕ್ಕೂ ಮೊದಲು ಈ ಸೀಮೆಯಲ್ಲಿ ಮೂಡಲಪಾಯ ಎಂಬ ಬಯಲಾಟವಿತ್ತು. ಮುಖವೀಣೆ, ಮದ್ದಲೆಗಳ ನಡುವೆ ಮೀಸೆ ಬೋಳಿಸಿದ ಗಂಡಸೇ ವಿರಹಿಣಿ. ಕಂಪನಿಗಳು ಬಂದಮೇಲೆ ಹಾರ್ಮೋನಿಯಂ ಬಂತು, ಬಣ್ಣದ ಪರದೆ ಬಂತು, ಪಾರ್ಸಿ ಮತ್ತು ಮರಾಠಿ ನಾಟಕಗಳಿಂದ ಹಿಂದೂಸ್ತಾನಿ ಮಟ್ಟುಗಳು ಬಂದವು. ಚಂದಣ್ಣನವರ ಕಂಪನಿಯನ್ನು ಮುಂದೆ ನಡೆಸಿದ ಗುಬ್ಬಿ ವೀರಣ್ಣನವರು ಹೆಣ್ಣು ಪಾತ್ರಕ್ಕೆ ಹೆಂಗಸರನ್ನೇ ತಂದರು, ನಟಿ ಬಿ. ಜಯಮ್ಮನವರ ಹಾಡಿಗೆ ಜನ ಮುಗಿಬಿದ್ದರು. ಆದರೂ ‘ಸದಾರಮೆ’ ನಾಟಕ ಎಂದೊಡನೆ ಹಳಬರಿಗೆ ನೆನಪಾಗುವುದು ಸದಾರಮೆಯ ಅಳಲಲ್ಲ, ವೀರಣ್ಣನವರ ಕಳ್ಳನ ಪಾತ್ರ. ಹಾಸ್ಯನಟ ನರಸಿಂಹರಾಜು ಹುಟ್ಟಿದ್ದೂ (1923) ತಿಪಟೂರಿನಲ್ಲೇ. ಅಳುವುದಕ್ಕಿಂತ ನಗುವುದೇ ಈ ನೆಲಕ್ಕೆ ಒಗ್ಗಿತೇನೋ!

1934ರಲ್ಲಿ ವೀರಣ್ಣನವರು ನಿಜವಾದ ಆನೆ, ಕುದುರೆ ನಿಲ್ಲಿಸಿ ‘ಕುರುಕ್ಷೇತ್ರ’ ಆಡಿಸಿದರು. ಆ ಕಂಪನಿಯ ಕಾಲ ಮುಗಿದರೂ ಕುರುಕ್ಷೇತ್ರ ಮುಗಿದಿಲ್ಲ. ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಜಾತ್ರೆ ಬಂತೆಂದರೆ ಊರಿನವರೇ ಬಣ್ಣ ಹಚ್ಚುತ್ತಾರೆ. ಇಲ್ಲಿ ನಟನಿಗೆ ಸಂಬಳವಿಲ್ಲ. ಪಾತ್ರಕ್ಕೆ ಅವನೇ ದುಡ್ಡು ಕಟ್ಟಬೇಕು. ದುರ್ಯೋಧನ ದುಬಾರಿ. ಆ ದುಡ್ಡಿನ ಹಿಂದೆ ಎಷ್ಟೋ ಮನೆಗಳಲ್ಲಿ ಕೊಬ್ಬರಿ ಇದೆ: ಅಟ್ಟದ ಮೇಲೆ ಹೆಚ್ಚುಕಡಿಮೆ ವರ್ಷ ಕಾದು, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಡಗಡ ಎನ್ನುವ ಉಂಡೆ ಕೊಬ್ಬರಿ.

ಹೆಣ್ಣು ಪಾತ್ರದವರು ಮಾತ್ರ ಹೊರಗಿನಿಂದ ಕರೆಸಿದ ವೃತ್ತಿ ಕಲಾವಿದೆಯರು. ಮಧ್ಯರಾತ್ರಿ ದಾಟಿದ ಮೇಲೆ ಉತ್ತರೆ ಬರುತ್ತಾಳೆ. ಗಂಡ ಅಭಿಮನ್ಯು ಪದ್ಮವ್ಯೂಹಕ್ಕೆ ಹೊರಟಿದ್ದಾನೆ, ಅವಳು ಬಸುರಿ. ಹಾಡು ಸಂಸ್ಕೃತದ ಸಮಾಸಗಳಿಂದ ತುಂಬಿದೆ. ಚಾಪೆಯ ಮೇಲೆ ಕೂತವರಲ್ಲಿ ಪದಪದದ ಅರ್ಥ ಬಲ್ಲವರು ಕಡಿಮೆ. ಹಾರ್ಮೋನಿಯಂ ಮೇಷ್ಟ್ರು ಮೇಲಿನ ಷಡ್ಜ ಹಿಡಿದು, ಅವಳ ದನಿ ಅಲ್ಲಿಗೆ ಏರಿ, ಕೊನೆಯಲ್ಲಿ ಸ್ವಲ್ಪ ಒಡೆದರೆ ಸಾಕು, ಸೆರಗುಗಳು ಕಣ್ಣಿಗೆ ಹೋಗುತ್ತವೆ. ಬೊಲೆರೊ ಕೇಳುವ ಸ್ಪ್ಯಾನಿಷ್ ಬಾರದವರ ಪಾಡೂ ಇದೇ ಇರಬೇಕು.

ಹಿಂದೆಯೇ ‘ಒನ್ಸ್ ಮೋರ್’ ಕೂಗು. ಯಾರೋ ಹಾರ ಹಾಕಿ ನೋಟು ಕೊಡುತ್ತಾರೆ, ಮೈಕಿನಲ್ಲಿ ಅವರ ಹೆಸರು ಮೊಳಗುತ್ತದೆ. ಬೆಳಗಾಗುವುದರೊಳಗೆ ದುರ್ಯೋಧನನ ತೊಡೆ ಮುರಿಯಬೇಕು ಎಂಬ ಆತಂಕ ಮೇಷ್ಟ್ರಿಗೆ. ಆದರೂ ಅವರ ಬೆರಳು ಮತ್ತೆ ಹಾರ್ಮೋನಿಯಂ ಮನೆಗಳ ಮೇಲೆ ಓಡುತ್ತದೆ. ಸೈಡ್‌ವಿಂಗ್ ದಾಟಿ ಯುದ್ಧಕ್ಕೆ ಹೋಗಿಬಿಟ್ಟಿದ್ದ ಅಭಿಮನ್ಯು, ಬಿಲ್ಲು ಸರಿಮಾಡಿಕೊಂಡು, ಇನ್ನೊಮ್ಮೆ ಬೀಳ್ಕೊಡಿಸಿಕೊಳ್ಳಲು ವಾಪಸ್ ಬರುತ್ತಾನೆ.