1930ರ ರಸೀದಿ

ಮೊನ್ನೆ ಪಿಎಂ ಕಿಸಾನ್ ಬಗ್ಗೆ ಚರ್ಚೆ ನಡೆಸುತ್ತಿದ್ದೆ. ಯಲ್ಲಾಪುರದ ಕಡೆಯಿಂದ ಅಜ್ಜಿಯೊಬ್ಬರು ಫೋನ್‌ನಲ್ಲಿ ಬಂದರು. "ಗದ್ದೆ ಮಾಡಿದ್ದು ನಾವೇ ತಮಾ. ಪಹಣಿ ಮಾತ್ರ ಫಾರೆಸ್ಟಿಂದು. ಹಂಗಾದ್ರೆ ಆ ಎರಡು ಸಾವಿರ ಯಾರಿಗೆ ಬರ್ತದೆ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಬ್ರೇಕ್ ತಗೊಂಡೆ.

ಉತ್ತರ ಇತಿಹಾಸದಲ್ಲಿದೆ, ನೋಡಿ. ಇವತ್ತು ಸರಕಾರ ರೈತನ ಖಾತೆಗೆ ವರ್ಷಕ್ಕೆ ಆರು ಸಾವಿರ ಹಾಕುತ್ತದೆ. ತೊಂಬತ್ತು ವರ್ಷದ ಹಿಂದೆ ದುಡ್ಡು ಹರಿಯುತ್ತಿದ್ದದ್ದು ರೈತನಿಂದ ಸರಕಾರಕ್ಕೆ. ಉತ್ತರ ಕನ್ನಡ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. 1930ರ ದಶಕದ ಆರಂಭದಲ್ಲಿ ಸಿದ್ದಾಪುರ, ಅಂಕೋಲಾ ಸೀಮೆಯ ರೈತರು ಬ್ರಿಟಿಷರಿಗೆ ಕಂದಾಯ ಕೊಡೋದಿಲ್ಲ ಅಂದುಬಿಟ್ಟರು. ಅದೇ ಕರನಿರಾಕರಣೆ ಚಳವಳಿ. ತೋಟ, ಗದ್ದೆ ಜಪ್ತಿಯಾದವು, ಹರಾಜಾದವು. ಹರಾಜಿನ ಜಮೀನು ಕೊಂಡವರ ಮನೆ ಮುಂದೆ ಹೆಂಗಸರು ಉಪವಾಸ ಕೂತರು. ಸಿದ್ದಾಪುರದ ಮಾವಿನಗುಂಡಿ ಇವತ್ತಿಗೂ ಆ ಸತ್ಯಾಗ್ರಹಕ್ಕೇ ಹೆಸರುವಾಸಿ. 1937ರಲ್ಲಿ ಕಾಂಗ್ರೆಸ್ ಮಂತ್ರಿಮಂಡಲ ಬಂದ ಮೇಲೆ ಕಳೆದುಕೊಂಡ ಭೂಮಿ ವಾಪಸ್ ಸಿಗುವ ದಾರಿ ತೆರೆಯಿತು.

ವಾಪಸ್ ಕೊಡಲು ಸಾಧ್ಯವಾದದ್ದು ಹೇಗೆ? ಯಾವ ಜಮೀನು ಯಾರದ್ದು ಅಂತ ಸರಕಾರದ ಪುಸ್ತಕದಲ್ಲಿ ಬರೆದಿತ್ತು. ಅದೇ ತೋಟಗಳಲ್ಲಿ ಕೂಲಿ ಮಾಡಿ, ಕಾಡಂಚಿನಲ್ಲಿ ಭತ್ತ ಬೆಳೆದವರ ಹೆಸರು ಆ ಪುಸ್ತಕದಲ್ಲಿ ಇರಲಿಲ್ಲ.

ಮುಂದೆ ದೇವರಾಜ ಅರಸರ ಕಾಲ ಬಂತು. 1974ರ ಮಾರ್ಚ್ 1ರಿಂದ ಗೇಣಿ ಜಮೀನು ಸರಕಾರದ ವಶಕ್ಕೆ ಬಂತು. ಫಾರಂ ನಂಬರ್ 7 ತುಂಬಿ ಗೆದ್ದ ಗೇಣಿದಾರ ಒಡೆಯನಾದ. ದೊಡ್ಡ ಕ್ರಾಂತಿ, ಒಪ್ಪೋಣ. ಆದರೆ ಕಾಡಂಚಿನ ಗದ್ದೆಗೆ ಒಡೆಯ ಅರಣ್ಯ ಇಲಾಖೆ. ಅದರ ಮೇಲೆ ಗೇಣಿ ಅರ್ಜಿ ಹಾಕೋದು ಹೇಗೆ? ಆ ಸಾಗುವಳಿದಾರನಿಗೆ ಸಿಕ್ಕಿದ್ದು ಒಂದು ಹೆಸರು: ಅತಿಕ್ರಮಣದಾರ.

ನಾನು ಓದಿದ್ದು ಇಂಜಿನಿಯರಿಂಗ್. ಪ್ರೋಗ್ರಾಂನಲ್ಲಿ ಮೊದಲ ಷರತ್ತಿಗೆ 'ಇಲ್ಲ' ಅಂತ ಉತ್ತರ ಬಂದರೆ ಮುಂದಿನ ಸಾಲುಗಳು ಓಡುವುದೇ ಇಲ್ಲ. ಇಲ್ಲೂ ಹಾಗೇ. ಪಹಣಿ ಇಲ್ಲ, ಹಾಗಾಗಿ ಸೊಸೈಟಿಯಲ್ಲಿ ಬೆಳೆಸಾಲ ಇಲ್ಲ. ಸಾಲ ಇಲ್ಲ, ಹಾಗಾಗಿ 2018ರ ಸಾಲಮನ್ನಾ ಇಲ್ಲ. ಅಡಿಕೆ, ಕಾಳುಮೆಣಸಿನ ಹವಾಮಾನ ಆಧಾರಿತ ವಿಮೆಗೂ ಪಹಣಿ ಬೇಕು. 2019ರಲ್ಲಿ ಬಂದ ಪಿಎಂ ಕಿಸಾನ್ ಕೂಡ ಆ ವರ್ಷದ ಫೆಬ್ರವರಿ 1ರ ಭೂದಾಖಲೆ ನೋಡಿಯೇ ದುಡ್ಡು ಹಾಕುತ್ತದೆ.

ಇದಕ್ಕೆ ಮದ್ದು ಅಂತ ಬಂದದ್ದು 2006ರ ಅರಣ್ಯ ಹಕ್ಕು ಕಾಯ್ದೆ. ಹಕ್ಕುಪತ್ರ ಸಿಕ್ಕರೆ ಈ ಬಾಗಿಲುಗಳಲ್ಲಿ ಕೆಲವಾದರೂ ತೆರೆಯುತ್ತವೆ. ಯಲ್ಲಾಪುರದ ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದವರು. ಅವರು 2005ರ ಡಿಸೆಂಬರ್ 13ಕ್ಕೆ ಮೊದಲಿನ ಸಾಗುವಳಿ ತೋರಿಸಿದರೆ ಸಾಕು. ಉಳಿದವರು ಆ ದಿನಕ್ಕಿಂತ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಬದುಕಿದ್ದನ್ನು ತೋರಿಸಬೇಕು.

ಲೆಕ್ಕ ಹಾಕಿ. 2005ರಲ್ಲಿ 75 ಕಳೆಯಿರಿ. 1930!

ಪುಸ್ತಕದಲ್ಲಿ ಹೆಸರಿದ್ದವರು ಜಪ್ತಿಗೆ ಎದೆಯೊಡ್ಡಿದ ಅದೇ ಹೊತ್ತು. ಹೆಸರೇ ಇಲ್ಲದವರ ಮೊಮ್ಮಕ್ಕಳ ಹತ್ತಿರ ಈಗ ಆ ಕಾಲದ ಸಾಕ್ಷಿ ಕೇಳುತ್ತಿದ್ದೇವೆ. ಕಂದಾಯ ಕೊಡದವನ ಕೈಯಲ್ಲಿ ಜಪ್ತಿಯ ಕಾಗದವಾದರೂ ಇತ್ತು. ಕೂಲಿಯವನ ಕೈಯಲ್ಲಿ ಏನಿತ್ತು? ಕತ್ತಿ ಹಿಡಿದ ಗುರುತು.

ಕಾಡು ಉಳಿಯಬೇಕು, ನಿಜ. ಹೊಸ ಒತ್ತುವರಿಗೆ ನನ್ನ ಬೆಂಬಲ ಇಲ್ಲ. ಆದರೆ ಈ ಕಾಯ್ದೆಯ ನಿಯಮಗಳೇ ಊರ ಹಿರಿಯರ ಲಿಖಿತ ಹೇಳಿಕೆಯನ್ನೂ ಸಾಕ್ಷಿ ಅಂತ ಒಪ್ಪುತ್ತವೆ. ಹಾಗಿದ್ದರೆ ಅಧಿಕಾರಿಗಳು ಪಂಚಾಯಿತಿ ಪಂಚಾಯಿತಿಗೆ ಹೋಗಿ ಹಿರಿಯರ ಮಾತು ಬರೆದುಕೊಳ್ಳಲಿ. ಬೇಗ ಬರೆದುಕೊಳ್ಳಲಿ. ಕಾಗದ ಕಪಾಟಿನಲ್ಲಿ ನೂರು ವರ್ಷ ಕಾಯುತ್ತದೆ. ನನಗೆ ಫೋನ್ ಮಾಡಿದ ಅಜ್ಜಿ ಕಾಯುವುದಿಲ್ಲ.